ಎ ಸೆಕ್ಷನ್ನಾ, ಬಿ ಸೆಕ್ಷನ್ನಾ, ಒಂದೇ ಬೆಂಚಾ? ಓದಿನಲ್ಲಿ ಹಿಂದೆ ಮುಂದೆ ಇರುವ ಮಕ್ಕಳಿಗೆ ಶಾಲೆ ಹಿಡಿಯಬಹುದಾದ ದಾರಿಗಳು

ಜೂನ್ ಕೊನೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ. ಹೊರಗೆ ಜಡಿಮಳೆ. ಶೀಟಿನ ಮೇಲೆ ಬೀಳುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಒಬ್ಬ ತಂದೆ ಎದ್ದು ನಿಂತು ಗಟ್ಟಿಯಾಗಿ ಹೇಳಿದರು: "ಟೀಚರೇ, ನನ್ನ ಮಗಳಿಗೆ ಗೊತ್ತಿರೋದನ್ನೇ ಮತ್ತೆ ಮತ್ತೆ ಹೇಳಿಕೊಡ್ತಾ ಇದ್ದೀರಿ. ಓದೋ ಮಕ್ಕಳನ್ನ ಬೇರೆ ಕೂರಿಸಿ." ಬಾಗಿಲ ಹತ್ತಿರ ಒದ್ದೆ ಕೊಡೆ ಹಿಡಿದು ನಿಂತಿದ್ದ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ತಾಯಿ ಸ್ವಲ್ಪ ಹೊತ್ತಿನ ಮೇಲೆ ಬಾಯಿಬಿಟ್ಟರು: "ನನ್ನ ಮಗನ್ನ ಬೇಕಾದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ ಇಟ್ಕೊಳ್ಳಿ ಟೀಚರ್. ಓದೋಕೆ ಬಂದ್ರೆ ಸಾಕು."

ಇಬ್ಬರ ಮಕ್ಕಳೂ ಐದನೇ ತರಗತಿ, ಒಂದೇ ಕೋಣೆ. ಅವಳು ಕಥೆ ಪುಸ್ತಕ ಮುಗಿಸಿ ಮುಂದಿನದು ಕೊಡಿ ಎಂದು ಕಾಡುವವಳು. ಇವನು ಒತ್ತಕ್ಷರ ಬಂದ ಕೂಡಲೇ ನಿಂತುಬಿಡುವವನು. ನನ್ನ ಮಟ್ಟಿಗೆ ಇಬ್ಬರು ಹೆತ್ತವರ ದೂರೂ ನಿಜ. ಆದರೆ ಇಬ್ಬರೂ ಸೂಚಿಸಿದ ಮದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಯಾಕೆ ಎಂದು ಆ ಮಳೆಯಲ್ಲಿ ವಿವರಿಸಲು ಆಗಲಿಲ್ಲ. ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಮೊದಲು ಖಾಸಗಿ ಪ್ರೌಢಶಾಲೆಯಲ್ಲಿ, ಈಗ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ, ಒಟ್ಟು 26 ವರ್ಷ ಕೊಡಗಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೇನೆ. ಕೆಳಗಿನ ದಾರಿಗಳಲ್ಲಿ ಒಂದೆರಡರಲ್ಲಿ ನಾನೇ ಎಡವಿದ್ದೇನೆ ಕೂಡ.

ದಾರಿ ಆರಿಸುವ ಮೊದಲು: ಅಂತರ ಯಾವುದರದ್ದು?

"ಈ ಮಗು ವೀಕ್" ಎಂದು ಸ್ಟಾಫ್ ರೂಮಿನಲ್ಲಿ ಸುಲಭವಾಗಿ ಹೇಳಿಬಿಡುತ್ತೇವೆ. ಯಾವುದರಲ್ಲಿ ವೀಕ್ ಎಂದು ಕೇಳಿದರೆ ಅರ್ಧ ಜನ ತಡವರಿಸುತ್ತಾರೆ.

ನಮ್ಮ ಜಿಲ್ಲೆಯ ಒಂದು ತರಗತಿಯಲ್ಲಿ ಮಕ್ಕಳ ಮನೆಮಾತು ಯಾವುದೆಂದು ಪಟ್ಟಿ ಮಾಡಿ ನೋಡಿ. ಕೊಡವ ತಕ್ಕ್, ಅರೆಭಾಷೆ, ಎರವರ ಮಾತು, ಜೇನುಕುರುಬರ ಮಾತು, ಮಲಯಾಳ, ತುಳು, ತಮಿಳು. ಈಚಿನ ವರ್ಷಗಳಲ್ಲಿ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಸೇರಿದ್ದಾರೆ. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯದೂ ಅಲ್ಲ. ಅರೆಭಾಷೆಯ ಮಗು ಬೇಗ ಹೊಂದಿಕೊಳ್ಳುತ್ತದೆ. ಹಾಡಿಯಿಂದ, ಅಂದರೆ ಬುಡಕಟ್ಟು ಜನರ ವಸತಿಯಿಂದ ಬಂದ ಎರವರ ಮಗು ಒಂದನೇ ತರಗತಿಯಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ. ಆ ಮೌನವನ್ನು ನಾವು ದಡ್ಡತನ ಎಂದು ಓದಿಕೊಳ್ಳುತ್ತೇವೆ.

ಎರಡನೆಯದು ಹಾಜರಿ. ಡಿಸೆಂಬರ್‌ನಿಂದ ಫೆಬ್ರವರಿ, ಕೆಲವು ಕಡೆ ಮಾರ್ಚ್ ತನಕ ಕಾಫಿ ಕುಯ್ಲು. ಅಪ್ಪ ಅಮ್ಮ ತೋಟಕ್ಕೆ ಹೋದರೆ ತಂಗಿ ತಮ್ಮನನ್ನು ನೋಡಿಕೊಳ್ಳಲು ದೊಡ್ಡ ಮಗು ಮನೆಯಲ್ಲಿ ಉಳಿಯುತ್ತದೆ. ಕೆಲವು ಕುಟುಂಬ ಒಂದು ತೋಟದ ಲೈನ್ ಬಿಟ್ಟು ಇನ್ನೊಂದಕ್ಕೆ ಹೋಗುತ್ತದೆ, ಮಗುವಿನ ಶಾಲೆಯೂ ಬದಲಾಗುತ್ತದೆ. ಭಿನ್ನರಾಶಿ ಪಾಠ ನಡೆದದ್ದು ಜನವರಿಯಲ್ಲಾದರೆ ಆ ಮಗುವಿನ ಪಾಲಿಗೆ ಭಿನ್ನರಾಶಿಯೇ ಇಲ್ಲ. ಜೂನ್‌ನಿಂದ ಆಗಸ್ಟ್ ತನಕ ಮಳೆ ರಜೆ ಬೇರೆ. ಅದು ಎಲ್ಲರಿಗೂ ಒಂದೇ ಅಂತೀರಾ? ರಜೆಯ ದಿನ ಮನೆಯಲ್ಲಿ ಪುಸ್ತಕ ಇರುವ ಮಗು ಓದುತ್ತದೆ, ಇಲ್ಲದ ಮಗು ಮರೆಯುತ್ತದೆ.

ಮೂರನೆಯದು ಕಣ್ಣು, ಕಿವಿ. ನಾಲ್ಕು ವರ್ಷ "ಬೋರ್ಡ್ ನೋಡಿ ಬರೆಯಲ್ಲ, ಸೋಮಾರಿ" ಎಂದು ಬೈಸಿಕೊಂಡ ಹುಡುಗಿಗೆ ಬೇಕಾಗಿದ್ದದ್ದು ಕನ್ನಡಕ. ಬೈದವರಲ್ಲಿ ನಾನೂ ಒಬ್ಬಳು. ನಾಲ್ಕನೆಯದು ಕಲಿಕಾ ನ್ಯೂನತೆ. ಮಾತಿನಲ್ಲಿ ಚುರುಕು, ಓದುವಾಗ ಮಾತ್ರ ಅಕ್ಷರ ಕಲಸಿಹೋಗುವುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯಲ್ಲಿ ಇದೂ ಸೇರಿದೆ. ತಜ್ಞರ ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಸಿಗುತ್ತದೆ.

ಇಷ್ಟೆಲ್ಲ ಕಳೆದ ಮೇಲೂ ಅಂತರ ಉಳಿಯುತ್ತದೆ. ಒಂದೇ ಮನೆ, ಒಂದೇ ಊಟ, ಒಂದೇ ಟೀಚರ್, ಆದರೂ ಅಣ್ಣನಿಗೆ ನಾಲ್ಕು ಸಲ ಹೇಳಿದ್ದು ತಮ್ಮನಿಗೆ ಒಂದೇ ಸಲಕ್ಕೆ ಬರುತ್ತದೆ. ಎಲ್ಲ ಮಕ್ಕಳೂ ಒಂದೇ ಎಂದು ಭಾಷಣದಲ್ಲಿ ಹೇಳಬಹುದು, ಕ್ಲಾಸಿನಲ್ಲಿ ನಿಂತವರಿಗೆ ಅದು ನಿಜ ಅಲ್ಲ ಎಂದು ಗೊತ್ತು. ಆದರೆ ಈ ಐದನೆಯ ಕಾರಣಕ್ಕೆ ಬರುವ ಮೊದಲು ಉಳಿದ ನಾಲ್ಕನ್ನೂ ನೋಡಿದ್ದೇವಾ ಎನ್ನುವುದು ಪ್ರಶ್ನೆ. ನೋಡದೆ ದಾರಿ ಆರಿಸಿದರೆ ಕನ್ನಡಕ ಬೇಕಾದವಳನ್ನು ಬಿ ಸೆಕ್ಷನ್‌ಗೆ ಹಾಕುತ್ತೀರಿ.

ದಾರಿ 1: ಅಂಕ ನೋಡಿ ಸೆಕ್ಷನ್ ಮಾಡುವುದು

ಆ ತಂದೆ ಕೇಳಿದ್ದು ಇದನ್ನೇ. ಖಾಸಗಿ ಶಾಲೆಗಳಲ್ಲಿ ಮಾಮೂಲಿ. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಏಳನೇ ತರಗತಿಯ ಅಂಕದ ಮೇಲೆ ಎಂಟನೆಯದನ್ನು ಎರಡು ಮಾಡುತ್ತಿದ್ದರು. ಅನುಭವಿ ಮೇಷ್ಟ್ರುಗಳಿಗೆ ಎ, ಹೊಸಬಳಾದ ನನಗೆ ಬಿ. ಮೊದಲ ದಿನವೇ ಒಬ್ಬ ಹುಡುಗ ಎದ್ದು, "ಟೀಚರ್, ನಮಗೆ ಕಷ್ಟದ ಲೆಕ್ಕ ಎಲ್ಲ ಬಿಟ್ಟುಬಿಡ್ತಾರೆ" ಎಂದ. ದೂರಲ್ಲ, ನನಗೆ ನಿಯಮ ತಿಳಿಸಿಕೊಟ್ಟದ್ದು. ಎ ಸೆಕ್ಷನ್‌ನ ಕೊನೆಯವನಿಗೆ 61 ಅಂಕ, ನನ್ನ ಸೆಕ್ಷನ್‌ನ ಮೊದಲಿನವಳಿಗೆ 60. ಆ ಒಂದು ಅಂಕಕ್ಕೆ ಅವಳ ಮೂರು ವರ್ಷದ ಟೀಚರು, ಗೆಳತಿಯರು, ಪ್ರಶ್ನೆಗಳು ಎಲ್ಲ ಬದಲಾದವು. ವರ್ಷಕ್ಕೊಮ್ಮೆ ಮೇಲೆ ಹೋಗಬಹುದು ಎಂದು ಹೇಳುತ್ತಿದ್ದರು. ಹೋದವರನ್ನು ಎಣಿಸಲು ಒಂದು ಕೈಯ ಬೆರಳು ಜಾಸ್ತಿ.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಹಾಜರಿ ಪುಸ್ತಕದಲ್ಲಿ ವಿಳಾಸ ನೋಡಿದರೆ ಬಿ ಸೆಕ್ಷನ್‌ನಲ್ಲಿ ಲೈನ್ ಮನೆಗಳು ತುಂಬಿದ್ದವು. ನಾವು ಬೇರೆ ಮಾಡಿದ್ದು ಬುದ್ಧಿಯನ್ನೋ ಮನೆಯನ್ನೋ?

ಹಾಗಂತ ಈ ದಾರಿ ಎಲ್ಲ ಕಡೆ ಸೋತಿದೆ ಎನ್ನುವ ಹಾಗಿಲ್ಲ. ಕೀನ್ಯಾದಲ್ಲಿ 121 ಪ್ರಾಥಮಿಕ ಶಾಲೆಗಳಿಗೆ ಒಂದನೇ ತರಗತಿಗೆ ಒಬ್ಬೊಬ್ಬ ಹೆಚ್ಚುವರಿ ಟೀಚರ್ ಕೊಟ್ಟು, ಸುಮಾರು ಅರ್ಧ ಶಾಲೆಗಳಲ್ಲಿ ಅಂಕದ ಮೇಲೆ ಎರಡು ತರಗತಿ ಮಾಡಿದರು, ಉಳಿದವುಗಳಲ್ಲಿ ಚೀಟಿ ಎತ್ತಿದ ಹಾಗೆ ಬೆರೆಸಿದರು. ಅದನ್ನು ನಡೆಸಿದವರಲ್ಲಿ ಎಸ್ತರ್ ಡುಫ್ಲೋ, ಮೈಕೆಲ್ ಕ್ರೆಮರ್ ಇದ್ದರು. ಇಬ್ಬರಿಗೂ 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಅವರ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. 18 ತಿಂಗಳ ನಂತರ ನೋಡಿದರೆ ಅಂಕ ನೋಡಿ ಬೇರೆ ಮಾಡಿದ ಶಾಲೆಗಳಲ್ಲಿ ಮೇಲಿನವರೂ ಕೆಳಗಿನವರೂ ಇಬ್ಬರೂ ಹೆಚ್ಚು ಕಲಿತಿದ್ದರು. ಕಾರಣ ಸರಳ: ಕೆಳಗಿನ ಗುಂಪಿನ ಟೀಚರ್ ಪಠ್ಯಪುಸ್ತಕದ ಹಿಂದೆ ಓಡದೆ ಮಕ್ಕಳು ನಿಂತಲ್ಲಿಂದ ಶುರು ಮಾಡಿದರು. ತೀರಾ ಕಿಕ್ಕಿರಿದ ತರಗತಿಗಳಾದ್ದರಿಂದ ಎರಡು ಮಾಡಿದ್ದೇ ಎಲ್ಲರಿಗೂ ಉಸಿರಾಡಲು ಜಾಗ ಕೊಟ್ಟಿತು ಎನ್ನುವುದನ್ನೂ ಮರೆಯಬಾರದು.

ಇಂಗ್ಲೆಂಡ್‌ನ ಶಾಲೆಗಳ ಅಧ್ಯಯನಗಳು ಬೇರೆ ಚಿತ್ರ ಕೊಡುತ್ತವೆ. ಅಂಕದ ಮೇಲೆ ಸೆಕ್ಷನ್ ಮಾಡಿದರೆ ಒಟ್ಟಾರೆ ಲಾಭ ಹೆಚ್ಚುಕಮ್ಮಿ ಇಲ್ಲ, ಕೆಳಗಿನ ಗುಂಪಿಗೆ ಸ್ವಲ್ಪ ನಷ್ಟ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದ ಕೂಡಲೇ, ಅಂದರೆ ಹತ್ತರ ವಯಸ್ಸಿಗೆ, ಮಕ್ಕಳು ಬೇರೆ ಬೇರೆ ಬಗೆಯ ಶಾಲೆಗೆ ಹೋಗುತ್ತಾರೆ. ಫಿನ್ಲೆಂಡ್ 1970ರ ದಶಕದಲ್ಲಿ ಎಲ್ಲರಿಗೂ ಒಂದೇ ಶಾಲೆ ತಂದಿತು. ಗಣಿತಕ್ಕೂ ಭಾಷೆಗೂ ಉಳಿಸಿಕೊಂಡಿದ್ದ ಮಟ್ಟದ ಗುಂಪುಗಳನ್ನು 1985ರಲ್ಲಿ ಕೈಬಿಟ್ಟಿತು.

ನಿಮ್ಮ ಶಾಲೆ ಇದನ್ನೇ ಮಾಡುತ್ತೇವೆ ಎಂದು ಹಟ ಹಿಡಿದರೆ ನಾನು ಕೇಳುವ ಮೊದಲ ಪ್ರಶ್ನೆ: ಬಿ ಸೆಕ್ಷನ್‌ಗೆ ಯಾರನ್ನು ಹಾಕುತ್ತೀರಿ? ನಿಮ್ಮಲ್ಲಿರುವ ಅತ್ಯುತ್ತಮ ಟೀಚರನ್ನು ಹಾಕುತ್ತೇವೆ ಎಂದರೆ ಮುಂದೆ ಮಾತಾಡೋಣ. ಎಲ್ಲ ವಿಷಯಕ್ಕೂ ಅಲ್ಲದೆ ಗಣಿತಕ್ಕೋ ಇಂಗ್ಲಿಷಿಗೋ ಮಾತ್ರ ಮಾಡಿ. ಎಂಟನೆಯದಕ್ಕಿಂತ ಮೊದಲು ಬೇಡ. ಪ್ರತಿ ಮೂರು ತಿಂಗಳಿಗೆ ಮರುಹಂಚಿಕೆ ಮಾಡಿ. ಇಷ್ಟಕ್ಕೆ ಒಪ್ಪುವ ಆಡಳಿತ ಮಂಡಳಿಯನ್ನು ನಾನಂತೂ ಇನ್ನೂ ನೋಡಿಲ್ಲ.

ದಾರಿ 2: ಅದೇ ತರಗತಿಯಲ್ಲಿ ಇನ್ನೊಂದು ವರ್ಷ

ಇದು ಆ ತಾಯಿಯ ಬೇಡಿಕೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಏನೂ ಕಲಿಯದೆ ಮೇಲೆ ಮೇಲೆ ತಳ್ಳಿದರೆ ಕೊನೆಗೆ ಎಸ್ಸೆಸ್ಸೆಲ್ಸಿಯಲ್ಲಿ ಬೀಳುವುದು ಅವರ ಮಗನೇ.

2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತನಕ ಫೇಲ್ ಮಾಡುವುದನ್ನು ನಿಲ್ಲಿಸಿತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯಲ್ಲಿ ಪರೀಕ್ಷೆ ಮಾಡಿ, ಪಾಸಾಗದವರಿಗೆ ಹೆಚ್ಚುವರಿ ಪಾಠ ಕೊಟ್ಟು, ಎರಡು ತಿಂಗಳೊಳಗೆ ಮರುಪರೀಕ್ಷೆ ಮಾಡಿ, ಆಮೇಲೂ ಆಗದಿದ್ದರೆ ಉಳಿಸಿಕೊಳ್ಳಲು ಸರ್ಕಾರಗಳಿಗೆ ಬಾಗಿಲು ತೆರೆಯಿತು. ನಮ್ಮ ರಾಜ್ಯದಲ್ಲಿ 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಮಾಡಲು ಹೋಗಿ, 2024ರಲ್ಲಿ ವಿಷಯ ಸುಪ್ರೀಂ ಕೋರ್ಟ್ ಹತ್ತಿದ್ದು ನಿಮಗೆ ನೆನಪಿರಬಹುದು.

ಕಾನೂನು ಬಿಡಿ, ಉಪಯೋಗ ಇದೆಯಾ? ಐದನೇ ತರಗತಿಯ ಪುಸ್ತಕದಲ್ಲಿ ಒತ್ತಕ್ಷರ ಕಲಿಸುವ ಪಾಠ ಇಲ್ಲ. ಒಂದು ವರ್ಷ ಕೇಳಿ ಅರ್ಥವಾಗದ ಪಾಠವನ್ನೇ ಎರಡನೇ ವರ್ಷ, ಅದೇ ಟೀಚರ್ ಬಾಯಲ್ಲಿ, ತನಗಿಂತ ಚಿಕ್ಕವರ ಮಧ್ಯೆ ಕೂತು ಕೇಳಬೇಕು. ನಮ್ಮ ಕಡೆ ಇನ್ನೊಂದು ಅಪಾಯವೂ ಇದೆ. ವಯಸ್ಸಿಗೆ ಮೀರಿ ಬೆಳೆದ ಹುಡುಗನನ್ನು ಕುಯ್ಲಿನ ಕೂಲಿ ಕರೆಯುತ್ತದೆ. ಹೋದವನು ವಾಪಸ್ ಬರುವುದು ಅಪರೂಪ. ದುಬಾರಿಯಾಗಿಯೂ ಇಷ್ಟು ಕಡಿಮೆ ಫಲ ಕೊಡುವ ಇನ್ನೊಂದು ಉಪಾಯ ಶಾಲೆಗಳಲ್ಲಿ ಇಲ್ಲ ಅನ್ನಿಸುತ್ತದೆ. ಆ ತಿದ್ದುಪಡಿಯಲ್ಲಿ ನನಗೆ ಇಷ್ಟವಾದದ್ದು ಎರಡು ತಿಂಗಳ ಹೆಚ್ಚುವರಿ ಪಾಠ. ಅದನ್ನು ಫೇಲಾಗುವ ಮೊದಲೇ ಕೊಡಲು ಯಾರ ಅಪ್ಪಣೆಯೂ ಬೇಡ. ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ ಬೇಕಾದವರಿಗೆ ಹೆಚ್ಚುವರಿ ಪಾಠ ಕೊಡುವುದು ಟೀಚರ ಕರ್ತವ್ಯ ಎಂದು ಮೂಲ ಕಾಯ್ದೆಯ 24ನೇ ಸೆಕ್ಷನ್ನೇ ಹೇಳುತ್ತದೆ.

ದಾರಿ 3: ಸಂಜೆ ಸ್ಪೆಷಲ್ ಕ್ಲಾಸ್, ಪಾಸಿಂಗ್ ಪ್ಯಾಕೇಜ್

ಪೇಟೆಯಲ್ಲಿ ನಡೆಯಬಹುದು. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟದ ದಾರಿಗಳಲ್ಲಿ ಸಂಜೆ ಐದೂವರೆಗೆ ಮಗುವನ್ನು ಒಂಟಿಯಾಗಿ ಕಳಿಸುತ್ತೀರಾ? ಆನೆ ಎಲ್ಲಿದೆ ಎಂದು ವಾಟ್ಸಾಪ್ ನೋಡಿಕೊಂಡು ಮನೆಗೆ ಹೋಗುವ ಊರುಗಳಿವು. ಕೊನೆಯ ಬಸ್ ತಪ್ಪಿದರೆ ಮುಗಿಯಿತು. ಹೀಗಾಗಿ ಸಂಜೆ ಕ್ಲಾಸಿಗೆ ಉಳಿಯುವವರು ಶಾಲೆಯ ಪಕ್ಕದ ಮನೆಯವರು, ಹೆಚ್ಚಾಗಿ ಅದು ಅಷ್ಟೇನೂ ಬೇಕಿಲ್ಲದವರು.

ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕಲಿಸುವುದರ ಬಗ್ಗೆ ನನಗೆ ಎರಡು ಮನಸ್ಸು. ಗ್ರಾಫ್ ಎಳಿ, ಸ್ಪರ್ಶಕ ರಚಿಸು, ಎರಡು ಪ್ರಮೇಯ ಬಾಯಿಪಾಠ ಮಾಡು. ಇದು ಗಣಿತ ಅಲ್ಲ ಎಂದು ನನಗೂ ಗೊತ್ತು. ಆದರೆ ಜನವರಿಯಲ್ಲಿ ನನ್ನ ಎದುರು ಕೂತ ಹತ್ತನೇ ತರಗತಿಯ ಹುಡುಗನಿಗೆ ಪಾಸಾಗುವುದಕ್ಕೂ ಆಗದಿರುವುದಕ್ಕೂ ಇರುವ ದೂರ ಅಷ್ಟೇ ಆಗಿದ್ದರೆ ಕೊಡುತ್ತೇನೆ, ನಾಚಿಕೆಯಿಲ್ಲದೆ. ಎಂಟನೆಯದರಲ್ಲೇ ಪ್ಯಾಕೇಜ್ ಶುರು ಮಾಡುವವರ ಮೇಲೆ ಮಾತ್ರ ಸಿಟ್ಟು ಬರುತ್ತದೆ.

ದಾರಿ 4: ದಿನಕ್ಕೆ ಒಂದು ಗಂಟೆ ಮಟ್ಟದ ಗುಂಪು

ಎರಡು ದೂರುಗಳಿಗೂ ಒಟ್ಟಿಗೆ ಉತ್ತರ ಕೊಡಲು ಹತ್ತಿರ ಬರುವ ದಾರಿ ಎಂದರೆ ಇದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

2001ರಿಂದ 2003ರ ತನಕ ವಡೋದರ ಮತ್ತು ಮುಂಬೈಯ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆಯವರು ಒಂದು ಪ್ರಯೋಗ ಮಾಡಿದರು. ಮೂರು ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ 15, 20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಕರೆದು ಊರಿನದೇ ಒಬ್ಬ ಯುವತಿ ಮೂಲ ಓದು, ಲೆಕ್ಕ ಹೇಳಿಕೊಡುತ್ತಿದ್ದಳು. ಬಾಲಸಖಿ ಎಂದು ಹೆಸರು. ಮಕ್ಕಳು ಕಲಿತರು. ಗಮನಿಸಬೇಕಾದದ್ದು ಏನೆಂದರೆ, ಒಳಗೆ ಉಳಿದ ಮಕ್ಕಳಿಗೆ ತರಗತಿ ಚಿಕ್ಕದಾದದ್ದರಿಂದ ಹೇಳಿಕೊಳ್ಳುವಂಥ ಲಾಭವೇನೂ ಆಗಲಿಲ್ಲ. ಸಂಖ್ಯೆ ಕಮ್ಮಿ ಮಾಡುವುದೇ ಮದ್ದಲ್ಲ, ಮಟ್ಟಕ್ಕೆ ಸರಿಯಾದ ಪಾಠ ಬೇಕು. ಮುಂದೆ ನಮ್ಮ ರಾಜ್ಯದ 4 ಮತ್ತು 5ನೇ ತರಗತಿಗೆ 'ಓದು ಕರ್ನಾಟಕ' ಎಂಬ ಕಾರ್ಯಕ್ರಮ ಬಂದದ್ದು ಇದೇ ಬಳ್ಳಿಯ ಕಾಯಿ.

ಮಾಡುವುದು ಹೀಗೆ. ಮೊದಲ ವಾರ ಪ್ರತಿ ಮಗುವನ್ನು ಹತ್ತಿರ ಕೂರಿಸಿಕೊಂಡು ಓದಿಸಿ. ಕಥೆ ಓದಿದರೆ ಸರಿ. ಇಲ್ಲದಿದ್ದರೆ ನಾಲ್ಕು ಸಾಲು. ಅದೂ ಆಗದಿದ್ದರೆ ಪದ, ಆಮೇಲೆ ಅಕ್ಷರ. ಒಬ್ಬರಿಗೆ ಐದು ನಿಮಿಷ ಸಾಕು. ಲೆಕ್ಕಕ್ಕೂ ಹಾಗೆಯೇ: ಅಂಕಿ ಗುರುತು, ದಶಕ ಕೂಡುವುದು, ಕಳೆಯುವುದು, ಭಾಗಾಕಾರ. ಲೆಕ್ಕವನ್ನು ಬಾಯಲ್ಲಿ ಒಮ್ಮೆ, ಬರೆಸಿ ಒಮ್ಮೆ ಕೇಳಿ. ಬಾಯಲ್ಲಿ ಬಂದು ಬರವಣಿಗೆಯಲ್ಲಿ ಬಾರದಿದ್ದರೆ ಆ ಮಗುವಿಗೆ ಲೆಕ್ಕ ಬರುತ್ತದೆ, ಪ್ರಶ್ನೆಯ ಕನ್ನಡ ಬರುವುದಿಲ್ಲ.

ಆಮೇಲೆ 3, 4, 5ನೇ ತರಗತಿಯನ್ನು ಒಟ್ಟು ಸೇರಿಸಿ ದಿನಕ್ಕೊಂದು ಗಂಟೆ, ಬೆಳಿಗ್ಗೆಯೇ, ಮೂರು ಗುಂಪು ಮಾಡಿ. ಆ ಹೊತ್ತಿನಲ್ಲಿ ಎಲ್ಲ ಮಕ್ಕಳೂ ಜಾಗ ಬದಲಿಸಬೇಕು. ಹಿಂದುಳಿದವರು ಮಾತ್ರ ಎದ್ದು ಹೊರಗೆ ಹೋದರೆ ಬೆನ್ನ ಹಿಂದೆ ಹೆಸರು ಬೀಳುತ್ತದೆ. ಮುಖ್ಯ ಶಿಕ್ಷಕರೂ ಒಂದು ಗುಂಪು ತೆಗೆದುಕೊಳ್ಳಬೇಕು. ಮಧ್ಯಾಹ್ನದ ಊಟದ ಲೆಕ್ಕ, ಆನ್‌ಲೈನ್ ಎಂಟ್ರಿ ಎಂದು ಅವರು ತಪ್ಪಿಸಿಕೊಂಡರೆ ಮೂರು ಗುಂಪು ಎರಡಾಗುತ್ತದೆ, ಮುಂದಿನ ತಿಂಗಳು ಒಂದಾಗುತ್ತದೆ.

ಗುಂಪುಗಳಿಗೆ ಗುಲಾಬಿ, ಮಲ್ಲಿಗೆ ಎಂದು ಹೆಸರಿಟ್ಟರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ಎರಡೇ ದಿನ. ಮೂರನೇ ದಿನ ಆಟದ ಬಯಲಲ್ಲಿ "ನೀನು ಮಲ್ಲಿಗೆ" ಎನ್ನುವುದು ಬೈಗುಳ ಆಗಿರುತ್ತದೆ. ಹೆಸರಿಗಿಂತ ಓಡಾಟ ಮುಖ್ಯ. ಕನ್ನಡದಲ್ಲಿ ಕೆಳಗಿನ ಗುಂಪಿನಲ್ಲಿರುವ ಮಗು ಲೆಕ್ಕದಲ್ಲಿ ಮೇಲಿನದರಲ್ಲಿ ಇರಬಹುದು, ಇರಲಿ. ಐದಾರು ವಾರಕ್ಕೊಮ್ಮೆ ಮತ್ತೆ ಓದಿಸಿ ನೋಡಿ, ಗುಂಪು ಬದಲಿಸಿ. ಆರು ವಾರ ಕಳೆದರೂ ಯಾರೂ ಗುಂಪು ಬದಲಿಸಿಲ್ಲ ಎಂದಾದರೆ ನೀವು ಬೇರೆ ಹೆಸರಲ್ಲಿ ಬಿ ಸೆಕ್ಷನ್ ನಡೆಸುತ್ತಿದ್ದೀರಿ ಎಂದೇ ಅರ್ಥ.

ಇದರ ಕೊರತೆಯನ್ನೂ ಹೇಳಬೇಕು. ಕೆಳಗಿನ ಗುಂಪಿನ ಮೇಲೆ ಎಲ್ಲರ ಕಣ್ಣು ಇರುತ್ತದೆ, ಮೇಲಿನ ಗುಂಪಿಗೆ "ನೀವೇ ಓದಿಕೊಳ್ಳಿ" ಎಂದು ಬಿಟ್ಟುಬಿಡುತ್ತೇವೆ. ಆ ತಂದೆಯ ಮಗಳಿಗೆ ಹಾಗಾದರೆ ಏನೂ ಬದಲಾದಂತಾಗಲಿಲ್ಲ.

ದಾರಿ 5: ನಲಿ-ಕಲಿಯ ಏಣಿ

ಇದು ನಮ್ಮ ನೆರೆಯದ್ದೇ. ನಾಗರಹೊಳೆ ಕಾಡಿನ ಆಚೆ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಯಿತು. ಆಂಧ್ರದ ಋಷಿವ್ಯಾಲಿಯಲ್ಲಿ ಹಳ್ಳಿ ಶಾಲೆಗಳಿಗೆ ಮಾಡಿದ್ದ ಕ್ರಮವನ್ನು ನಮ್ಮ ಶಿಕ್ಷಕರು ನೋಡಿ ಬಂದು ಕನ್ನಡಕ್ಕೆ ಒಗ್ಗಿಸಿದರು. 2009-10ರಿಂದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಪಾಠದ ಬದಲು ಮೈಲಿಗಲ್ಲು, ಕಾರ್ಡು, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವ ಕಲಿಕಾ ಏಣಿ. ಮಕ್ಕಳು ತಟ್ಟೆ ಎನ್ನುವ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಮಾಡುತ್ತದೆ.

ಕೊಡಗಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕುಯ್ಲು ಮುಗಿಸಿ ಎರಡು ತಿಂಗಳ ನಂತರ ಬಂದ ಮಗು ತಾನು ಬಿಟ್ಟ ಮೆಟ್ಟಿಲಿಗೇ ಬರುತ್ತದೆ. ತರಗತಿ ಅದನ್ನು ಬಿಟ್ಟು ಓಡಿರುವುದಿಲ್ಲ. ತೊಂದರೆ ಬರುವುದು ನಾಲ್ಕನೆಯದರಲ್ಲಿ. ಅಲ್ಲಿ ಏಣಿ ಮುಗಿದು ಪಠ್ಯಪುಸ್ತಕ ಶುರು. ಎರಡನೇ ಮೆಟ್ಟಿಲಿನಲ್ಲಿದ್ದವನನ್ನೂ ಹತ್ತನೆಯದರಲ್ಲಿದ್ದವನನ್ನೂ ಒಂದೇ ದಿನ ಒಂದೇ ಪುಟದ ಮುಂದೆ ಕೂರಿಸುತ್ತೇವೆ. ಹಾಗಾಗಿ ನಲಿ-ಕಲಿ ಇರುವ ಶಾಲೆಗೆ ದಾರಿ 4 ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ದಾರಿ 6: ಒಂದೇ ತರಗತಿ, ಪದರ ಪದರದ ಪ್ರಶ್ನೆ

ಒಂದು ಗಂಟೆ ಗುಂಪು ಆಯಿತು. ಉಳಿದ ಐದು ಗಂಟೆ ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತಾರಲ್ಲ, ಆಗ? ಇಲ್ಲಿ ಟೀಚರ ಕೈಚಳಕ ಬೇಕು. ನಾನು ಏಳನೇ ತರಗತಿಗೆ ಕೊಟ್ಟ ಒಂದು ಲೆಕ್ಕ ಹೇಳುತ್ತೇನೆ.

ಕೆಜಿಗೆ 5 ರೂಪಾಯಿಯಂತೆ ಕಾಫಿ ಹಣ್ಣು ಕುಯ್ಯುತ್ತಾರೆ ಎಂದಿಟ್ಟುಕೊಳ್ಳಿ. 64 ಕೆಜಿ ಕುಯ್ದವರಿಗೆ ಎಷ್ಟು? ಇದು ಮೊದಲ ಪದರ, ಗುಣಾಕಾರ ಬಂದರೆ ಸಾಕು, 320. ಎರಡನೆಯದು: ದಿನಗೂಲಿ 450 ಇದ್ದರೆ ಎಷ್ಟು ಕೆಜಿ ದಾಟಿದ ಮೇಲೆ ಕೆಜಿ ಲೆಕ್ಕ ಲಾಭ? ಮೂರನೆಯದು: ಪಕ್ಕದ ತೋಟದವರು ದಿನಕ್ಕೆ 200 ರೂಪಾಯಿ ಖಚಿತ, ಮೇಲೆ ಕೆಜಿಗೆ 3 ಕೊಡುತ್ತಾರೆ. ಯಾವಾಗ ಎರಡೂ ತೋಟ ಸಮ? ಇಲ್ಲಿ ಸಮೀಕರಣ ಬೇಕು, ಉತ್ತರ 100 ಕೆಜಿ. ಮುಗಿಸಿದವರು ಎರಡೂ ತೋಟದ ಗ್ರಾಫ್ ಎಳೆಯಬೇಕು. ಗೆರೆಗಳು ಎಲ್ಲಿ ಕೂಡುತ್ತವೆ ನೋಡಿ.

ಪ್ರಶ್ನೆ ಒಂದೇ, ಮಾತು ಒಂದೇ. ಎಲ್ಲರೂ ಒಂದು ಪದರವನ್ನಾದರೂ ಮುಟ್ಟುತ್ತಾರೆ, ಮುಂದಿರುವವರಿಗೆ ಬೇಜಾರಾಗುವುದಿಲ್ಲ. ಅಂದು, ಕಿರುಪರೀಕ್ಷೆಗಳಲ್ಲಿ ಎರಡಂಕಿ ಮುಟ್ಟದ ಹುಡುಗನೊಬ್ಬ ಪೆನ್ನು ಮುಟ್ಟದೆ "ತೊಂಬತ್ತು" ಎಂದ. ಸುಮ್ಮನಾಗಲೂ ಇಲ್ಲ. "ಆದ್ರೆ ಟೀಚರ್, ಗಿಡದಲ್ಲಿ ಹಣ್ಣು ಕಮ್ಮಿ ಇದ್ರೆ ದಿನಗೂಲಿನೇ ಒಳ್ಳೇದು. ನಮ್ಮಮ್ಮ ಮೊದಲ ಸುತ್ತಿಗೆ ಕೆಜಿ ಲೆಕ್ಕ ಒಪ್ಪಲ್ಲ." ಪಕ್ಕದಲ್ಲಿ ಸಮೀಕರಣ ಬರೆಯುತ್ತಿದ್ದ ಹುಡುಗಿ ತಲೆ ಎತ್ತಿ ನೋಡಿದಳು. ಎ ಸೆಕ್ಷನ್ ಮಾಡಿದ್ದರೆ ಅವಳಿಗೆ ಈ ಮಾತು ಎಲ್ಲಿ ಸಿಗುತ್ತಿತ್ತು ಹೇಳಿ.

ಇಂಥ ಪ್ರಶ್ನೆ ದಿನಾ ಹೊಳೆಯುವುದಿಲ್ಲ ಎನ್ನುವುದು ನಿಜ. ವಾರಕ್ಕೆ ಎರಡು ತಯಾರಿಸಲು ನನಗೆ ಭಾನುವಾರದ ಅರ್ಧ ದಿನ ಬೇಕು. ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ನಾಲ್ಕು ಶಾಲೆಯವರು ಸೇರಿ ಬರೆದು ಹಂಚಿಕೊಂಡರೆ ಭಾರ ಕಮ್ಮಿ. 40 ಮಕ್ಕಳ ಮೇಲೆ ಹೋದರೆ ಈ ದಾರಿ ಬಾಯಿಮಾತಿಗಷ್ಟೇ ಉಳಿಯುತ್ತದೆ, ಅದನ್ನೂ ನೋಡಿದ್ದೇನೆ.

ಮುಂದಿರುವ ಮಗುವಿಗೆ ಏನು?

ಹೆತ್ತವರ ತಲೆಗೆ ಮೊದಲು ಬರುವುದು ಗಾಳಿಬೀಡಿನ ನವೋದಯ, ಕೂಡಿಗೆಯ ಸೈನಿಕ ಶಾಲೆ, ಮೊರಾರ್ಜಿ ವಸತಿ ಶಾಲೆ. ಒಳ್ಳೆಯ ಶಾಲೆಗಳೇ. ಆದರೆ ನವೋದಯದಲ್ಲಿ ಆರನೆಯದಕ್ಕೆ 80 ಸೀಟು, ಅದೂ ಇಡೀ ಜಿಲ್ಲೆಗೆ. ಐದನೇ ತರಗತಿಯ ಮಗುವಿಗೆ ವರ್ಷಪೂರ್ತಿ ಕೋಚಿಂಗ್ ಕೊಡಿಸಿ, ಸೀಟು ಸಿಗದಿದ್ದಾಗ "ನೀನು ಸೋತೆ" ಎನ್ನುವ ಮುಖ ತೋರಿಸುವ ಹೆತ್ತವರನ್ನು ಪ್ರತಿ ವರ್ಷ ನೋಡುತ್ತೇನೆ. ಪ್ರಯತ್ನಿಸಿ, ಆದರೆ ಸಿಗದ ಮಗು ನಮ್ಮ ಶಾಲೆಯಲ್ಲೇ ಓದಬೇಕು ಎನ್ನುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಎಂಟನೆಯದರಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಅನುದಾನಿತ ಶಾಲೆಯ ಬಡ ಮಕ್ಕಳಿಗಾಗಿಯೇ ಇರುವ ಇದನ್ನು ಎಷ್ಟೋ ಶಾಲೆಗಳು ಕೊನೇ ವಾರದ ತನಕ ಹೇಳುವುದೇ ಇಲ್ಲ.

ತರಗತಿ ಹಾರಿಸುವ ಡಬಲ್ ಪ್ರಮೋಷನ್ ನನಗೆ ಇಷ್ಟ ಇಲ್ಲ. ಲೆಕ್ಕದಲ್ಲಿ ಮುಂದಿದ್ದರೆ ಲೆಕ್ಕದ ಪೀರಿಯಡ್ ಮಾತ್ರ ಮೇಲಿನ ತರಗತಿಯಲ್ಲಿ ಕೂರಲಿ. ನಮ್ಮ ಸಣ್ಣ ಶಾಲೆಗಳಲ್ಲಿ ಅದು ಪಕ್ಕದ ಕೋಣೆ, ಕೆಲವು ಕಡೆ ಪಕ್ಕದ ಬೆಂಚು. ಇಲ್ಲವೇ ಪುಸ್ತಕದಲ್ಲಿಲ್ಲದ ಪ್ರಶ್ನೆ ಕೊಡಿ. 1ರಿಂದ 100ರ ತನಕ ಬರೆದರೆ 7 ಎಷ್ಟು ಸಲ ಬರೆಯಬೇಕು? ಬಹಳ ಮಂದಿ 19 ಎನ್ನುತ್ತಾರೆ, ಸರಿಯುತ್ತರ 20. ಹಾಗಾದರೆ 1000ದ ತನಕ? ಅರ್ಧ ಗಂಟೆ ತಲೆ ಎತ್ತುವುದಿಲ್ಲ.

ಇನ್ನೊಂದು ಚಾಳಿ ನಮಗಿದೆ. ಮುಂದಿರುವ ಮಗುವನ್ನು ಲೀಡರ್ ಮಾಡಿ, ಉಳಿದವರಿಗೆ ಹೇಳಿಕೊಡು ಎಂದು ಕಳಿಸುವುದು. ವಾರಕ್ಕೆ ಎರಡು ದಿನವಾದರೆ ಇಬ್ಬರಿಗೂ ಒಳ್ಳೆಯದು. ದಿನಾ ಆದರೆ ಅವಳು ಸಂಬಳವಿಲ್ಲದ ಅತಿಥಿ ಶಿಕ್ಷಕಿ.

ಯಾವ ಶಾಲೆಗೆ ಯಾವುದು

ಇಬ್ಬರೇ ಟೀಚರ್, 30ಕ್ಕಿಂತ ಕಮ್ಮಿ ಮಕ್ಕಳು ಎಂದರೆ ಏಣಿಯನ್ನು ಐದನೆಯ ತನಕ ಎಳೆಯಿರಿ, ಬೆಳಿಗ್ಗೆ ಒಂದು ಗಂಟೆ ಎರಡು ಗುಂಪು ಮಾಡಿ. ನಾಲ್ಕು ಟೀಚರ್ ಇದ್ದರೆ ದಾರಿ 4 ಮತ್ತು 6 ಸೇರಿಸಿ. ವೇಳಾಪಟ್ಟಿಯಲ್ಲಿ ಎಲ್ಲ ತರಗತಿಗೂ ಒಂದೇ ಗಂಟೆ ಖಾಲಿ ಬಿಡುವುದಷ್ಟೇ ಕಷ್ಟ, ಖರ್ಚು ಏನೂ ಇಲ್ಲ. ಎರಡು ಸೆಕ್ಷನ್ ಇರುವ ಪ್ರೌಢಶಾಲೆಯಾದರೆ ಎರಡರಲ್ಲೂ ಮಕ್ಕಳನ್ನು ಸಮನಾಗಿ ಬೆರೆಸಿ, ಗಣಿತ ಮತ್ತು ಇಂಗ್ಲಿಷಿಗೆ ಮಾತ್ರ ವಾರದಲ್ಲಿ ಎರಡು ಪೀರಿಯಡ್ ಮಟ್ಟಕ್ಕೆ ತಕ್ಕಂತೆ ಅದಲುಬದಲು ಮಾಡಿ.

ಬುಡಕಟ್ಟು ಮಕ್ಕಳ ಆಶ್ರಮ ಶಾಲೆಗಳ ಮಾತು ಬೇರೆ. ಮಕ್ಕಳು ಅಲ್ಲೇ ಉಳಿಯುವುದರಿಂದ ಸಂಜೆ ಹೊತ್ತು ಸಿಗುತ್ತದೆ, ಆನೆ ಭಯ ಇಲ್ಲ. ಆದರೆ ಅಲ್ಲಿ ಮೊದಲು ಬೇಕಾದದ್ದು ಹಾಡಿಯ ಮಾತು ಬಲ್ಲ ಒಬ್ಬರು. ಅಡುಗೆಯವರೇ ಆಗಲಿ, ದೊಡ್ಡ ತರಗತಿಯ ಹುಡುಗಿಯೇ ಆಗಲಿ, ಮೊದಲ ಆರು ತಿಂಗಳು ಒಂದನೇ ತರಗತಿಯಲ್ಲಿ ಜೊತೆಗೆ ಕೂರಲಿ.

ಆ ಸಭೆಗೆ ಬರುತ್ತೇನೆ. ಮಳೆ ಸ್ವಲ್ಪ ಕಮ್ಮಿಯಾದ ಮೇಲೆ ನಾವು ಒಪ್ಪಿದ್ದು ಇಷ್ಟು: ಬೆಳಿಗ್ಗೆ ಹತ್ತೂಕಾಲರಿಂದ ಒಂದು ಗಂಟೆ ಗುಂಪು, ಮೇಲಿನ ಗುಂಪಿಗೆ ಮುಖ್ಯ ಶಿಕ್ಷಕರೇ, ಮೊದಲ ಮರುಪರೀಕ್ಷೆ ಆಗಸ್ಟ್ ಎರಡನೇ ವಾರ. ಮಳೆ ರಜೆ ಜಾಸ್ತಿಯಾದರೆ ಮೂರನೇ ವಾರ ಎಂದು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡೆವು. ಆ ತಂದೆ ಪೂರ್ತಿ ಒಪ್ಪಲಿಲ್ಲ, "ಆಗಸ್ಟ್ ತನಕ ನೋಡ್ತೀನಿ" ಎಂದರು. ಆ ತಾಯಿ ಹೋಗುವಾಗ ಗುಂಪಿಗೆ ಬೇರೆ ಪುಸ್ತಕ ಕೊಂಡುಕೊಳ್ಳಬೇಕಾ ಎಂದು ಕೇಳಿದರು. ಬೇಡ, ಡಿಸೆಂಬರ್‌ನಲ್ಲಿ ಹಣ್ಣು ಕುಯ್ಯುವಾಗ ತಂಗಿಯನ್ನು ಅಂಗನವಾಡಿಗೆ ಬಿಟ್ಟು ಇವನನ್ನು ಶಾಲೆಗೆ ಕಳಿಸಿ ಎಂದೆ. ಅಂಗನವಾಡಿ ಎಷ್ಟು ಗಂಟೆಗೆ ತೆರೆಯುತ್ತದೆ, ತೋಟದ ಜೀಪು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಅವರು ಬೆರಳಲ್ಲಿ ಲೆಕ್ಕ ಹಾಕತೊಡಗಿದರು.